ಹೆಡ್‌ಲೈಟ್ ಕೆಟ್ಟರೆ ಮಗ ಬರಲಿ ಅಂತ ಕಾಯಬೇಡಿ



ಈ ತಿಂಗಳು ಕೆಚ್ಚಲು ಬಾವಿನ ಬಗ್ಗೆಯೂ ಬರೆಯುತ್ತಿಲ್ಲ, ಖನಿಜ ಮಿಶ್ರಣದ ಬಗ್ಗೆಯೂ ಬರೆಯುತ್ತಿಲ್ಲ. ಗಾಡಿಯ ಮುಂದಿನ ದೀಪದ ಬಗ್ಗೆ ಬರೆಯುತ್ತಿದ್ದೇನೆ. ದನದ ಡಾಕ್ಟರಿಗೆ ಹೆಡ್‌ಲೈಟಿನ ಉಸಾಬರಿ ಯಾಕೆ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣವಿದೆ.

ರಸ್ತೆಯಲ್ಲಿ ಗಾಡಿ ಬಡಿದ ದನಗಳನ್ನು ನೋಡಲು ನನಗೆ ಕರೆ ಬರುವುದು ಹೆಚ್ಚಾಗಿ ಬೆಳಿಗ್ಗೆ ಆರರೊಳಗೆ, ಇಲ್ಲವೇ ಸಂಜೆ ಏಳರ ಮೇಲೆ. ಕಪ್ಪು ಮೈಯ ಎಚ್‌ಎಫ್ ಹಸು, ಇನ್ನೂ ಕಪ್ಪಾದ ಎಮ್ಮೆ ನಸುಗತ್ತಲಲ್ಲಿ ರಸ್ತೆ ದಾಟುತ್ತಿದ್ದರೆ ಮಬ್ಬು ದೀಪಕ್ಕೆ ಕಾಣುವುದೇ ಇಲ್ಲ. ನಾನೂರು ಐನೂರು ಕೆಜಿ ತೂಗುವ ಹಸುವಿನ ಹಿಂಗಾಲಿನ ತೊಡೆ ಮೂಳೆ ಮುರಿದರೆ ಅದನ್ನು ಮತ್ತೆ ನಿಲ್ಲಿಸಿ ಹಾಲು ಕರೆಯುವುದು ನಮ್ಮ ಕೊಟ್ಟಿಗೆಗಳಲ್ಲಿ ಆಗುವ ಮಾತಲ್ಲ. ಅಂಥ ಹಸುವಿನ ಪಕ್ಕ ಕೂತು ಮನೆಯವರಿಗೆ ಅದನ್ನು ಹೇಳುವುದು ನನ್ನ ಕೆಲಸದಲ್ಲೇ ಕಷ್ಟದ್ದು. ಇನ್ನೊಂದು ಸಂಗತಿ ಎಂದರೆ, ಬಡಿದ ಗಾಡಿಯ ಮೇಲಿದ್ದವರೂ ಎಷ್ಟೋ ಸಲ ಡೇರಿಗೆ ಹಾಲು ಹಾಕಲು ಹೊರಟ ನಮ್ಮ ಸದಸ್ಯರೇ ಆಗಿರುತ್ತಾರೆ. ಹಸುವಿನ ಕಾಲಿನ ಜೊತೆ ಅವರ ಕೈಯೂ ಮುರಿದಿರುತ್ತದೆ.

ಸ್ವಲ್ಪ ಲೆಕ್ಕ ಹಾಕಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಸ್ಕೂಟಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗುತ್ತದೆ. ಎದುರಿಗೆ ಏನೋ ಇದೆ ಎಂದು ಕಣ್ಣಿಗೆ ಬಿದ್ದು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದಿರುತ್ತದೆ. ಆಮೇಲೆ ಬ್ರೇಕು ಹಿಡಿದು ಗಾಡಿ ನಿಲ್ಲಬೇಕು. ಒಟ್ಟು 30 ಮೀಟರ್ ಹತ್ತಿರ ಬೇಕು. ಹಿಂದೆ ಹಾಲಿನ ಕ್ಯಾನು ಇದ್ದರೆ ಇನ್ನೂ ಹೆಚ್ಚು. ನಿಮ್ಮ ದೀಪ 15 ಮೀಟರ್ ಮಾತ್ರ ತೋರಿಸುತ್ತಿದ್ದರೆ ನೀವು ಎಷ್ಟು ಹುಷಾರಿನವರಾದರೂ ಪ್ರಯೋಜನವಿಲ್ಲ.

ಹಳ್ಳಿಗಳಲ್ಲಿ ಸಭೆಗೆ ಹೋದಾಗ ಕೇಳಿದ್ದೇನೆ: ಲೈಟು ಹೋಗಿದ್ದರೆ ಏನು ಮಾಡುತ್ತೀರಿ? ಮಗ ಬೆಂಗಳೂರಿಂದ ಬಂದಾಗ ನೋಡುತ್ತಾನೆ, ಅಲ್ಲಿಯವರೆಗೆ ಮೊಬೈಲ್ ಟಾರ್ಚು ಇದೆಯಲ್ಲ ಡಾಕ್ಟ್ರೇ ಎನ್ನುತ್ತಾರೆ. ಒಂದು ಕೈಯಲ್ಲಿ ಮೊಬೈಲು, ಒಂದು ಕೈಯಲ್ಲಿ ಹ್ಯಾಂಡಲ್ಲು, ಹಿಂದೆ ಕ್ಯಾನು! ಹಸುವಿಗೆ ಕ್ಯಾಲ್ಸಿಯಂ ಬಾಟಲಿ ಏರಿಸುವಾಗ ನನ್ನ ಪಕ್ಕ ನಿಂತು ಬಾಟಲಿ ಎಷ್ಟು ಎತ್ತರಕ್ಕೆ ಹಿಡಿಯಬೇಕು ಎಂದು ಸರಿಯಾಗಿ ತಿಳಿದಿರುವ ಹೆಣ್ಣುಮಕ್ಕಳಿಗೆ ಒಂದು ಬಲ್ಬು ಬದಲಿಸುವುದು ಕಷ್ಟವೇ ಅಲ್ಲ. ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಮೊದಲು ರೋಗ ಎಲ್ಲಿದೆ ನೋಡಿ

ನಾಲ್ಕು ಮೊಲೆಗಳಲ್ಲಿ ಯಾವುದಕ್ಕೆ ಬಾವು ಎಂದು ನೋಡದೆ ಟ್ಯೂಬು ಏರಿಸುವುದಿಲ್ಲ ತಾನೆ? ದೀಪದ್ದೂ ಹಾಗೆಯೇ. ಉರಿಯಲಿಲ್ಲ ಎಂದ ಕೂಡಲೇ ಬಲ್ಬು ತರಬೇಡಿ.

ಹೆಚ್ಚಿನ ಗಾಡಿಗಳ ಬಲ್ಬಿನಲ್ಲಿ ಎರಡು ತಂತಿ ಇರುತ್ತವೆ. ಒಂದು ಡಿಮ್‌ಗೆ, ಒಂದು ಬ್ರೈಟ್‌ಗೆ. ಡಿಮ್ ಹೋಗಿ ಬ್ರೈಟ್ ಉರಿಯುತ್ತಿದ್ದರೆ ಒಂದು ತಂತಿ ಸುಟ್ಟಿರುವ ಸಂಭವ ಹೆಚ್ಚು. ಬಹಳ ಜನ ಇಂಥ ಹೊತ್ತಿನಲ್ಲಿ ಬ್ರೈಟ್ ಹಾಕಿಕೊಂಡೇ ತಿಂಗಳುಗಟ್ಟಲೆ ಓಡಿಸುತ್ತಾರೆ. ಎದುರಿಗೆ ಬರುವವರ ಕಣ್ಣು ಕುಕ್ಕಿ ಅವರು ನಿಮ್ಮ ಮೇಲೇ ಬರುತ್ತಾರೆ.

ಕಾರು, ವ್ಯಾನಾದರೆ ಸುಲಭದ ಒಂದು ಪರೀಕ್ಷೆ ಇದೆ. ಎಡಗಡೆಯದು ಉರಿಯುತ್ತಿಲ್ಲ ಎಂದುಕೊಳ್ಳಿ. ಬಲಗಡೆಯ ಬಲ್ಬನ್ನು ಎಡಕ್ಕೆ, ಎಡಗಡೆಯದನ್ನು ಬಲಕ್ಕೆ ಹಾಕಿ ನೋಡಿ. ಕತ್ತಲು ಬಲಕ್ಕೆ ಹೋದರೆ ಬಲ್ಬು ಕೆಟ್ಟಿದೆ. ಕತ್ತಲು ಎಡದಲ್ಲೇ ಉಳಿದರೆ ಬಲ್ಬು ಚೆನ್ನಾಗಿದೆ, ವೈರು, ಕಪ್ಲರ್, ಫ್ಯೂಸು ಇವುಗಳಲ್ಲೊಂದು ಕೆಟ್ಟಿದೆ. ಎರಡೂ ಕಡೆ ಒಟ್ಟಿಗೆ ಆರಿದರೆ ಎರಡು ಬಲ್ಬು ಒಂದೇ ದಿನ ಸತ್ತವು ಎಂದು ತಿಳಿಯುವುದಕ್ಕಿಂತ ಸ್ವಿಚ್ಚು, ರಿಲೇ ಕಡೆ ಸಂಶಯಪಡುವುದು ಸರಿ. ಫ್ಯೂಸು ಹೋಗಿದ್ದರೆ ಅದರ ಮೇಲೆ ಬರೆದಿರುವ ನಂಬರಿನದನ್ನೇ ಹಾಕಿ. ಹೆಚ್ಚಿನ ನಂಬರಿನದು ಹಾಕುವುದು, ಬೆಳ್ಳಿ ಕಾಗದ ಸುತ್ತುವುದು ಬೇಡ. ಫ್ಯೂಸಿನ ಬದಲು ವೈರು ಸುಡುತ್ತದೆ.

ಬಲ್ಬು ತೆಗೆದಾಗ ಅದರ ಗಾಜಿನೊಳಗೆ ನೋಡಿ. ಒಳಗೆ ಕಪ್ಪಗೆ ಕನ್ನಡಿಯಂತೆ ಮಸಿ ಹಿಡಿದಿದ್ದರೆ ಆಯಸ್ಸು ಮುಗಿದಿದೆ. ಒಳಗೆ ಹಾಲು ಚೆಲ್ಲಿದಂತೆ ಬೆಳ್ಳಗಾಗಿದ್ದರೆ ಗಾಜು ಬಿರುಕು ಬಿಟ್ಟು ಗಾಳಿ ಸೇರಿದೆ ಎಂದರ್ಥ.

ಹಳೆಯ ಮೊಪೆಡ್ಡು, ಬೈಕುಗಳಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ದೀಪ ಜೋರಾಗುತ್ತದೆ. ಬಿಟ್ಟರೆ ಸಣ್ಣಗಾಗುತ್ತದೆ. ಅದು ರೋಗವಲ್ಲ, ಆ ಗಾಡಿಯ ದೀಪಕ್ಕೆ ವಿದ್ಯುತ್ತು ಬ್ಯಾಟರಿಯಿಂದ ಬರದೆ ನೇರ ಇಂಜಿನ್ನಿನಿಂದ ಬರುತ್ತದೆ. ಆದರೆ ಇಂಥ ಗಾಡಿಯಲ್ಲಿ ತಿಂಗಳಿಗೊಂದು ಬಲ್ಬು ಸುಡುತ್ತಿದ್ದರೆ ಬಲ್ಬು ತಂದು ತಂದು ಹಾಕಬೇಡಿ. ರೆಗ್ಯುಲೇಟರ್ ಹೋಗಿರುತ್ತದೆ, ಅದನ್ನು ಮೆಕ್ಯಾನಿಕ್‌ಗೆ ತೋರಿಸಿ.

ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರಿಗೆ

ಈ ಮಾತು ಯಾವ ಗ್ಯಾರೇಜಿನಲ್ಲೂ ನಿಮಗೆ ಹೇಳಲಿಕ್ಕಿಲ್ಲ. ಗಂಜಲದಿಂದ ಏಳುವ ಖಾರದ ವಾಸನೆ ಇದೆಯಲ್ಲ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕಣ್ಣು ಉರಿಸುವುದು, ಅದು ಅಮೋನಿಯಾ. ಹಸುವಿನ ಶ್ವಾಸಕೋಶಕ್ಕೆ ಅದು ಕೆಟ್ಟದ್ದೆಂದು ಹಿಂದೆಯೇ ಬರೆದಿದ್ದೆ. ತಾಮ್ರಕ್ಕೂ ಹಿತ್ತಾಳೆಗೂ ಅದು ವೈರಿ. ಕಳ್ಳರ ಭಯಕ್ಕೋ ಮಳೆಗೋ ಗಾಡಿಯನ್ನು ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸುತ್ತೇವೆ. ವರ್ಷ ಕಳೆಯುವುದರಲ್ಲಿ ಬಲ್ಬಿನ ಕಪ್ಲರ್ ಒಳಗಿನ ಹಲ್ಲುಗಳಿಗೆ ಹಸಿರು-ನೀಲಿ ಕಿಲುಬು ಹಿಡಿಯುತ್ತದೆ. ಅದರ ಮೂಲಕ ಕರೆಂಟು ಸರಿಯಾಗಿ ಹೋಗುವುದಿಲ್ಲ. ಹೊಸ ಬಲ್ಬು ಹಾಕಿದರೂ ದೀಪ ಮಂಕು. ಕಪ್ಲರ್ ಬಿಸಿಯಾಗಿ ಕರಗಿರುವುದನ್ನೂ ನೋಡಿದ್ದೇನೆ.

ಇದಕ್ಕೆ ಖರ್ಚಿಲ್ಲದ ಮದ್ದು: ಬ್ಯಾಟರಿಯ ಒಂದು ವೈರು ಬಿಚ್ಚಿ, ಕಪ್ಲರ್ ಹಲ್ಲುಗಳನ್ನು ಚಿಕ್ಕ ಉಪ್ಪು ಕಾಗದದ ಚೂರಿನಿಂದ ಹೊಳೆಯುವವರೆಗೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಹಾಗೆಯೇ ಗಾಡಿಯ ಚಾಸಿಗೆ ಬೋಲ್ಟು ಹಾಕಿ ಕೂರಿಸಿದ ಅರ್ಥಿಂಗ್ ವೈರು ಎಲ್ಲಿದೆ ಹುಡುಕಿ, ಅದರ ತುದಿಯನ್ನೂ ಉಜ್ಜಿ ಬಿಗಿ ಮಾಡಿ. ಮಂಕಾದ ದೀಪಗಳಲ್ಲಿ ಬಹಳಷ್ಟು ಇಷ್ಟಕ್ಕೇ ಸರಿಹೋಗುತ್ತವೆ. ಆಮೇಲೆ ಗಾಡಿಯನ್ನು ಕೊಟ್ಟಿಗೆಯಿಂದ ಹೊರಗೆ, ಜಗಲಿ ಕಡೆ ನಿಲ್ಲಿಸಿ. ಹಿಂಡಿ-ಬೂಸಾ ಮೂಟೆಗಳ ಪಕ್ಕವೂ ಬೇಡ. ಅಲ್ಲಿ ಇಲಿ ಇರುತ್ತವೆ, ಇಲಿಗೆ ವೈರು ಎಂದರೆ ಏಕೋ ಪ್ರೀತಿ.

ಬಲ್ಬು ಬದಲಿಸುವುದು

ಅಂಗಡಿಗೆ ಹಳೆಯ ಬಲ್ಬು ಕೈಯಲ್ಲೇ ತೆಗೆದುಕೊಂಡು ಹೋಗಿ. ಹ್ಯಾಲೊಜೆನ್ ದೀಪದ ಬಹಳಷ್ಟು ಕಾರು, ವ್ಯಾನುಗಳಲ್ಲಿ ಎಚ್‌4 ಎನ್ನುವ 60/55 ವ್ಯಾಟಿನ ಬಲ್ಬು ಇರುತ್ತದೆ. ಅನೇಕ ಬೈಕುಗಳಲ್ಲಿ ಎಚ್‌ಎಸ್‌1 ಎನ್ನುವ 35/35 ವ್ಯಾಟಿನದು. ನೋಡುವುದಕ್ಕೆ ಎರಡೂ ಒಂದೇ ಥರ. ಹೆಚ್ಚು ಬೆಳಕು ಬರಲಿ ಎಂದು ಬೈಕಿಗೆ ಕಾರಿನ ಬಲ್ಬು ತುರುಕುವವರಿದ್ದಾರೆ. ಬೈಕಿನ ವೈರು ಆ ಭಾರ ತಡೆಯುವುದಿಲ್ಲ, ಹೋಲ್ಡರ್ ಕರಗುತ್ತದೆ. ಬುಡದಲ್ಲಿ ಬರೆದಿರುವ ನಂಬರು ಓದಿ, ಅದೇ ನಂಬರಿನದು ಕೇಳಿ.

ಗಾಡಿ ಆಫ್ ಮಾಡಿ, ಕೀ ತೆಗೆದು, ಕಾಲು ಗಂಟೆ ಆರಲು ಬಿಡಿ. ಉರಿದ ಹ್ಯಾಲೊಜೆನ್ ಬಲ್ಬು ಕಾದ ಹೆಂಚಿನಂತೆ ಸುಡುತ್ತದೆ.

ಕಾರಿನದು ಹೀಗೆ. ಬಾನೆಟ್ ಎತ್ತಿ ಹೆಡ್‌ಲೈಟಿನ ಹಿಂಭಾಗಕ್ಕೆ ಹೋಗಿ. ಮೂರು ಹಲ್ಲಿನ ಕಪ್ಲರ್ ಕಾಣುತ್ತದೆ. ಅದನ್ನು ನೇರ ಹಿಂದಕ್ಕೆ ಎಳೆಯಿರಿ, ವೈರು ಹಿಡಿದು ಜಗ್ಗಬೇಡಿ. ಅದರ ಕೆಳಗೆ ರಬ್ಬರಿನ ಟೋಪಿ. ಅದರ ಅಂಚು ಬಿಡಿಸಿ ತೆಗೆಯಿರಿ. ಈಗ ಬಲ್ಬನ್ನು ಹಿಡಿದಿರುವ ತಂತಿಯ ಕ್ಲಿಪ್ಪು ಕಾಣುತ್ತದೆ. ಅದನ್ನು ಒಳಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಬಿಡಿಸಿಕೊಳ್ಳುತ್ತದೆ. ಕೆಲವು ಗಾಡಿಗಳಲ್ಲಿ ಜಾಗ ಎಷ್ಟು ಇಕ್ಕಟ್ಟೆಂದರೆ ಕ್ಲಿಪ್ಪು ಕಣ್ಣಿಗೆ ಕಾಣುವುದೇ ಇಲ್ಲ, ಕೈಯ ಅಂದಾಜಿನಲ್ಲೇ ಬಿಡಿಸಬೇಕು. (ತಿರುಗಿದ ಕರುವಿನ ಕಾಲು ಹುಡುಕುವ ನಮ್ಮ ಕೆಲಸದಷ್ಟು ಕಷ್ಟವೇನಲ್ಲ.) ಬಲ್ಬು ನೇರ ಹೊರಗೆ ಬರುತ್ತದೆ.

ಈಗ ಮುಖ್ಯ ಮಾತು. ಹೊಸ ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಬೇಡಿ. ನಮ್ಮ ಕೈಯಲ್ಲಿ ಯಾವಾಗಲೂ ಹಾಲಿನ ಜಿಡ್ಡೋ, ಕೆಚ್ಚಲಿಗೆ ಹಚ್ಚುವ ಮುಲಾಮೋ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯೋ ಇದ್ದೇ ಇರುತ್ತದೆ. ಜಿಡ್ಡು ಅಂಟಿದ ಜಾಗ ಉಳಿದ ಗಾಜಿಗಿಂತ ಹೆಚ್ಚು ಕಾಯುತ್ತದೆ, ಅಲ್ಲೇ ಗಾಜು ಹಾಳಾಗಿ ಬಲ್ಬು ಬೇಗ ಹೋಗುತ್ತದೆ. ತಗಡಿನ ಬುಡ ಹಿಡಿದು ಕೂರಿಸಿ. ಮುಟ್ಟಿಬಿಟ್ಟಿದ್ದರೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಬುಡದ ಮೂರು ಕಿವಿಗಳು ಒಂದೇ ರೀತಿಯಲ್ಲಿ ಮಾತ್ರ ಕೂರುತ್ತವೆ. ಕೂರದಿದ್ದರೆ ತಿರುಗಿಸಿ ನೋಡಿ, ಒತ್ತಾಯ ಮಾಡಬೇಡಿ. ಕ್ಲಿಪ್ಪು ಹಾಕಿ, ರಬ್ಬರು ಟೋಪಿಯನ್ನು ಸುತ್ತಲೂ ಬಿಗಿಯಾಗಿ ಕೂರಿಸಿ. ಈ ಟೋಪಿಯನ್ನು ಅಸಡ್ಡೆ ಮಾಡಿದರೆ ಮಳೆಗಾಲದಲ್ಲಿ ದೀಪದೊಳಗೆ ನೀರು.

ಬೈಕು, ಮೊಪೆಡ್ಡುಗಳಲ್ಲಿ ದೀಪದ ಪಕ್ಕ ಅಥವಾ ಕೆಳಗೆ ಇರುವ ಸ್ಕ್ರೂ ಬಿಚ್ಚಿದರೆ ಇಡೀ ದೀಪ ಮುಂದಕ್ಕೆ ಕೈಗೆ ಬರುತ್ತದೆ. ಹಿಂದೆ ಅದೇ ಕಪ್ಲರ್, ಅದೇ ರಬ್ಬರು. ಸ್ಕೂಟರುಗಳಲ್ಲಿ ಹ್ಯಾಂಡಲ್ಲಿನ ಪ್ಲಾಸ್ಟಿಕ್ ಕವರ್ ತೆಗೆಯಬೇಕು. ಕನ್ನಡಿಯ ಕೆಳಗೆ, ಬ್ರೇಕ್ ಲಿವರಿನ ಹತ್ತಿರ ಅಡಗಿದ ಸ್ಕ್ರೂಗಳಿರುತ್ತವೆ. ಎಲ್ಲ ಬಿಚ್ಚಿದರೂ ಬರಲಿಲ್ಲವೆಂದರೆ ಇನ್ನೂ ಒಂದು ಉಳಿದಿದೆ ಎಂದೇ ಅರ್ಥ. ಜಗ್ಗಿದರೆ ಪ್ಲಾಸ್ಟಿಕ್ ಕೊಂಡಿ ಮುರಿಯುತ್ತದೆ, ಆಮೇಲೆ ಜೀವನವಿಡೀ ಕಟಕಟ ಸದ್ದು. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿಡಿ.

2017ರ ಏಪ್ರಿಲ್ 1ರ ನಂತರ ಮಾರಾಟವಾದ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಶುರುವಾದರೆ ದೀಪ ತಾನಾಗಿ ಉರಿಯುತ್ತದೆ, ಆರಿಸುವ ಸ್ವಿಚ್ಚಿಲ್ಲ. ಹಗಲೆಲ್ಲ ಉರಿಯುವುದರಿಂದ ಹ್ಯಾಲೊಜೆನ್ ಬಲ್ಬು ಬೇಗ ಸವೆಯುತ್ತದೆ. ಹಗಲಲ್ಲಿ ಆರಿಹೋಗಿದ್ದು ಗೊತ್ತಾಗುವುದೂ ಇಲ್ಲ. ಸಂಜೆ ಹಾಲಿಗೆ ಹೊರಡುವ ಮುಂಚೆ ಕೊಟ್ಟಿಗೆ ಗೋಡೆಗೆ ಮುಖ ಮಾಡಿ ಒಮ್ಮೆ ಡಿಮ್, ಒಮ್ಮೆ ಬ್ರೈಟ್ ಹಾಕಿ ನೋಡಿ. ಕಾರಿನ ಒಂದು ಬಲ್ಬು ಹೋಗಿದ್ದರೆ ಎರಡನ್ನೂ ಬದಲಿಸಿ, ಇಲ್ಲವಾದರೆ ಒಂದು ಕಣ್ಣು ಹಳದಿ, ಒಂದು ಬಿಳಿ.

ಹಳದಿಯಾದ ಗ್ಲಾಸು

ಹಳೆಯ ಗಾಡಿಗಳ ದೀಪದ ಮುಂದೆ ನಿಜವಾದ ಗಾಜಿತ್ತು. ಈಗಿನದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಅದರ ಮೇಲೆ ಬಿಸಿಲು ತಡೆಯುವ ತೆಳುವಾದ ಪದರ ಇರುತ್ತದೆ. ಅಂಗಳದ ಬಿಸಿಲಿಗೆ ನಿಂತೂ ನಿಂತೂ ಆ ಪದರ ಹೋಗಿ, ಗ್ಲಾಸು ಹಳೆಯ ಪ್ಲಾಸ್ಟಿಕ್ ಡಬ್ಬಿಯಂತೆ ಹಳದಿ ತಿರುಗುತ್ತದೆ. ಒಳಗೆ ಹೊಸ ಬಲ್ಬಿದ್ದರೂ ಬೆಳಕು ಹೊರಗೆ ಬರದು.

ಸೀಮೆಎಣ್ಣೆ, ಡೀಸೆಲ್ಲಲ್ಲಿ ಒರೆಸಿದರೆ ಒಂದೆರಡು ದಿನ ಹೊಳೆಯುತ್ತದೆ, ಅಷ್ಟೇ. ಥಿನ್ನರ್ ಹಾಕಿದರೆ ಬಿರುಕು ಬಿಡುತ್ತದೆ. ಹಾಲು ಕರೆಯುವ ಯಂತ್ರ ತೊಳೆಯುವ ಕ್ಷಾರದ ಪುಡಿಯಲ್ಲಂತೂ ಉಜ್ಜಲೇಬೇಡಿ, ಈ ಪ್ಲಾಸ್ಟಿಕ್ಕಿಗೆ ಕ್ಷಾರ ಆಗದು. ಟೂತ್‌ಪೇಸ್ಟು ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ, ಏಕೆಂದರೆ ಅದರಲ್ಲಿ ನಯವಾದ ಉಜ್ಜುವ ಪುಡಿ ಇದೆ. ಗಟ್ಟಿ ಹಳದಿಗೆ ಅದು ಸಾಲದು.

ಸರಿಯಾದ ವಿಧಾನಕ್ಕೆ ಒಂದು ಮಧ್ಯಾಹ್ನ ಬೇಕು. ಗ್ಲಾಸಿನ ಸುತ್ತಲಿನ ಬಣ್ಣಕ್ಕೆ ಟೇಪು ಅಂಟಿಸಿ. ಸ್ಪೇರ್ ಪಾರ್ಟ್ಸ್ ಅಥವಾ ಪೇಂಟ್ ಅಂಗಡಿಯಲ್ಲಿ 1000, 2000, 3000 ನಂಬರಿನ ವಾಟರ್ ಪೇಪರ್ ಸಿಗುತ್ತದೆ. ಸಾಬೂನು ನೀರು ಬಿಡುತ್ತಾ ಮೊದಲು 1000ರಲ್ಲಿ ಒಂದೇ ದಿಕ್ಕಿಗೆ ಉಜ್ಜಿ. ಹಳದಿ ನೀರು ಇಳಿಯುತ್ತದೆ. ಬೆಳ್ಳಗಿನ ನೀರು ಬರುವವರೆಗೆ ಬಿಡಬೇಡಿ. ಗ್ಲಾಸು ಪೂರ್ತಿ ಮಸುಕಾಗುತ್ತದೆ, ಹೆದರಬೇಡಿ. ನಂತರ 2000, ಆಮೇಲೆ 3000. ಕೊನೆಗೆ ಪಾಲಿಷ್ ಪೇಸ್ಟನ್ನು ಹಳೆಯ ಪಂಚೆಯ ಚೂರಿಗೆ ಹಾಕಿ ತೀಡಿದರೆ ತಿಳಿಯಾಗುತ್ತದೆ. ಇಲ್ಲಿಗೆ ಮುಗಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ, ಏಕೆಂದರೆ ಬಿಸಿಲು ತಡೆಯುವ ಪದರವನ್ನು ನೀವೇ ಉಜ್ಜಿ ತೆಗೆದಿದ್ದೀರಿ. ಹೆಡ್‌ಲೈಟಿಗೆಂದೇ ಮಾರುವ ಯುವಿ ಲೇಪನ ಹಚ್ಚಿ ಒಣಗಿಸಿ.

ದೀಪದ ಒಳಗಿನ ಬೆಳ್ಳಿ ಬಣ್ಣದ ಬಟ್ಟಲನ್ನು ಮಾತ್ರ ಯಾವ ಕಾರಣಕ್ಕೂ ಒರೆಸಬೇಡಿ. ಆ ಹೊಳಪು ಬೆರಳಿಗೇ ಅಂಟಿಕೊಂಡು ಬರುತ್ತದೆ. ಅದು ಹೋಗಿದ್ದರೆ, ಅಥವಾ ಗ್ಲಾಸು ಒಡೆದು ನೀರು ತುಂಬುತ್ತಿದ್ದರೆ ಪೂರ್ತಿ ಹೆಡ್‌ಲೈಟ್ ಸೆಟ್ಟನ್ನೇ ಬದಲಿಸಬೇಕು. ಹಳೆಯ ಮಾದರಿಯ ಕಾರುಗಳಲ್ಲಿ ಅದೂ ಮನೆಯಲ್ಲಿ ಆಗುವ ಕೆಲಸ: ಮೂರು ನಾಲ್ಕು ಬೋಲ್ಟು, ಇಂಡಿಕೇಟರ್ ಮತ್ತು ಪಾರ್ಕಿಂಗ್ ದೀಪದ ಕಪ್ಲರ್‌ಗಳು. ಹೊಸ ಕಾರುಗಳಲ್ಲಿ ಬಂಪರ್ ಇಳಿಸಬೇಕಾಗುತ್ತದೆ, ಅದಕ್ಕೆ ಇಬ್ಬರು ಬೇಕು. ಎಲ್‌ಇಡಿ ದೀಪವೇ ಕೂಡಿಕೊಂಡು ಬಂದ ಗಾಡಿ, ಝೆನಾನ್ ದೀಪದ ಗಾಡಿ ಇವುಗಳಿಗೆ ಮಾತ್ರ ಕೈ ಹಾಕಬೇಡಿ. ಝೆನಾನ್ ದೀಪ ಹೊತ್ತುವಾಗ ಸಾವಿರಾರು ವೋಲ್ಟ್ ಹರಿಯುತ್ತದೆ. ವೈರು ಸುಟ್ಟ ವಾಸನೆ ಬಂದರೂ ಎಲೆಕ್ಟ್ರಿಷಿಯನ್ ಹತ್ತಿರವೇ ಹೋಗಿ.

ಬೆಳಕು ತೆಂಗಿನ ಗರಿಗೆ ಬೀಳುತ್ತಿದೆಯೇ?

ಇದು ನಮ್ಮ ಡೇರಿ ಗಾಡಿಗಳಿಗೇ ವಿಶೇಷವಾದ ತೊಂದರೆ. 40 ಲೀಟರಿನ ಕ್ಯಾನು ತುಂಬಿದರೆ ಹಾಲೇ 41 ಕೆಜಿ ತೂಗುತ್ತದೆ, ಜೊತೆಗೆ ಕ್ಯಾನಿನ ತೂಕ. ಹಿಂದೆ ಇಷ್ಟು ಭಾರ ಬಿದ್ದಾಗ ಗಾಡಿಯ ಮುಂಭಾಗ ಮೇಲೇಳುತ್ತದೆ. ಬೆಳಕು ರಸ್ತೆ ಬಿಟ್ಟು ತೆಂಗಿನ ಗರಿಗೆ ಹೋಗುತ್ತದೆ. ಎದುರಿನವರಿಗೆ ಡಿಮ್ ಹಾಕಿದರೂ ಕಣ್ಣಿಗೇ ಹೊಡೆಯುತ್ತದೆ. ನಮಗೆ ಗುಂಡಿ ಕಾಣುವುದಿಲ್ಲ, ಬೆಳಕು ಸಾಲದು ಎಂದುಕೊಂಡು ದೊಡ್ಡ ಬಲ್ಬು ತರಲು ಹೋಗುತ್ತೇವೆ.

ಸಮತಟ್ಟಾದ ಜಾಗದಲ್ಲಿ, ಕತ್ತಲಾದ ಮೇಲೆ, ನೀವು ದಿನಾ ಒಯ್ಯುವಷ್ಟು ತೂಕವನ್ನೇ ಹಿಂದೆ ಇಟ್ಟುಕೊಂಡು (ಹಾಲಿನ ಬದಲು ನೀರು ತುಂಬಿಸಿ), ನೀವೂ ಗಾಡಿಯ ಮೇಲೆ ಕುಳಿತುಕೊಳ್ಳಿ. ಟೈರಿನ ಗಾಳಿ ಸರಿಯಾಗಿರಲಿ. ಗಾಡಿಯನ್ನು ಗೋಡೆಯ ಹತ್ತಿರ ತಂದು ದೀಪದ ನಡುಭಾಗದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ನೇರ ಹಿಂದಕ್ಕೆ 10 ಮೀಟರ್, ಅಂದರೆ ಸುಮಾರು 13 ದೊಡ್ಡ ಹೆಜ್ಜೆ ಬನ್ನಿ. ಡಿಮ್ ಹಾಕಿ. ಬೆಳಕಿನ ಮೇಲಂಚು ಗೆರೆಗಿಂತ ಅರ್ಧ ಗೇಣು, ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಮೇಲಿದ್ದರೆ ದೀಪದ ಕೆಳಗೋ ಪಕ್ಕದಲ್ಲೋ ಇರುವ ಹೊಂದಾಣಿಕೆ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ ನೋಡಿ. ಯಾವ ಕಡೆ ತಿರುಗಿಸಿದರೆ ಇಳಿಯುತ್ತದೆ ಎಂದು ಒಂದು ಸಲಕ್ಕೇ ಗೊತ್ತಾಗುತ್ತದೆ. ಅನೇಕ ಕಾರುಗಳಲ್ಲಿ ಸ್ಟೀರಿಂಗ್ ಪಕ್ಕ 0, 1, 2, 3 ಎಂದು ಬರೆದ ಸಣ್ಣ ಚಕ್ರ ಇರುತ್ತದೆ. ಹಿಂದೆ ಹಿಂಡಿ ಮೂಟೆ ಹೇರಿದಾಗ ದೊಡ್ಡ ನಂಬರಿಗೆ ತಿರುಗಿಸಿದರೆ ಬೆಳಕು ಇಳಿಯುತ್ತದೆ, ಖಾಲಿ ಬರುವಾಗ ಮತ್ತೆ ಸೊನ್ನೆಗೆ ತನ್ನಿ. ಎಷ್ಟೋ ಜನ ಅದನ್ನು ರೇಡಿಯೋದ್ದು ಎಂದುಕೊಂಡಿದ್ದಾರೆ.

ಸಂತೆಯಲ್ಲಿ ಸಿಗುವ ಬೆಳ್ಳಗಿನ ಎಲ್‌ಇಡಿ ಬಲ್ಬಿನ ಬಗ್ಗೆ ಎಲ್ಲರೂ ಕೇಳುತ್ತೀರಿ. ಹ್ಯಾಲೊಜೆನ್‌ಗೆಂದು ಮಾಡಿದ ಬಟ್ಟಲಿನಲ್ಲಿ ತಂತಿ ಇರಬೇಕಾದ ಜಾಗಕ್ಕೆ ಸರಿಯಾಗಿ ಬಟ್ಟಲಿನ ಬಾಗು ಇರುತ್ತದೆ. ಅಗ್ಗದ ಎಲ್‌ಇಡಿಯ ಬೆಳಕು ಹೊರಡುವ ಜಾಗವೇ ಬೇರೆ. ಆದ್ದರಿಂದ ಬೆಳಕು ಚೆಲ್ಲಾಪಿಲ್ಲಿ. ಮುಂದಿನ ಚಕ್ರದ ಹತ್ತಿರ ಬೆಳ್ಳಗೆ ಹೊಳೆಯುತ್ತದೆ, ದೂರಕ್ಕೆ ಕತ್ತಲು, ಎದುರಿನವರಿಗೆ ಕುರುಡು. ನನ್ನ ಅಭಿಪ್ರಾಯ ಕೇಳಿದರೆ ಆ ದುಡ್ಡಿಗೆ ಒಳ್ಳೆಯ ಹ್ಯಾಲೊಜೆನ್ ಬಲ್ಬು, ಕಪ್ಲರ್ ಮತ್ತು ಯುವಿ ಲೇಪನ ತನ್ನಿ. ಧನುರ್ಮಾಸದ ಮಂಜಿನಲ್ಲಿ ಬ್ರೈಟ್ ಹಾಕಿದರೆ ಎದುರಿಗೆ ಬಿಳಿ ಪರದೆ ಕಟ್ಟಿದಂತಾಗುತ್ತದೆ. ಆಗ ಡಿಮ್‌ನಲ್ಲೇ ನಿಧಾನ ಹೋಗುವುದು.

ಹೊಸ ಬಲ್ಬು ಹಾಕಿದ ಮೇಲೆ ಇನ್ನೂ ಉರಿಯುತ್ತಿರುವ ಹಳೆಯ ಜೋಡಿ ಬಲ್ಬನ್ನು ಎಸೆಯಬೇಡಿ. ಬಟ್ಟೆಯಲ್ಲಿ ಸುತ್ತಿ, ಒಂದು ಸ್ಕ್ರೂಡ್ರೈವರ್ ಮತ್ತು ಎರಡು ಫ್ಯೂಸಿನ ಜೊತೆ ಗಾಡಿಯಲ್ಲೇ ಇಡಿ. ಹಾಗೆಯೇ ಕೆಂಪು ರಿಫ್ಲೆಕ್ಟರ್ ಟೇಪು ತಂದು ಕ್ಯಾನಿನ ಹಿಂಬದಿಗೆ, ಎತ್ತಿನ ಗಾಡಿಯ ಮೂಕಿ ಮತ್ತು ಹಿಂಭಾಗಕ್ಕೆ, ಸಂಜೆ ಮೇದು ಬರುವ ಹಸು-ಎಮ್ಮೆಗಳ ಕೊರಳ ಪಟ್ಟಿಗೆ ಒಂದೊಂದು ತುಂಡು ಅಂಟಿಸಿ. ಕೊರಳಿಗೆ ಅಂಟಿಸುವಾಗ ಪಟ್ಟಿ ಬಿಗಿಯಾಗದಂತೆ ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲವಿರಲಿ.

ಮುಂದಿನ ತಿಂಗಳು ಮತ್ತೆ ಕೊಟ್ಟಿಗೆಗೆ ಬರೋಣ. ಕರು ಹಾಕುವ ಮುಂಚಿನ ಮೂರು ವಾರ ಹಸುವಿಗೆ ಏನು ಹಾಕಬೇಕು, ಏನು ಹಾಕಬಾರದು ಎಂಬುದನ್ನು ಬರೆಯುತ್ತೇನೆ.